ಕಚ್ಚುವ ಕೂಸಿನ ಪರವಾಗಿ ಒಂದು ವಕಾಲತ್ತು

ನನ್ನ ಕಕ್ಷಿಗಾರನ ವಯಸ್ಸು ಇಪ್ಪತ್ತಮೂರು ತಿಂಗಳು. ಎತ್ತರ, ನಮ್ಮ ಮನೆಯ ಊಟದ ಮೇಜಿಗಿಂತ ನಾಲ್ಕು ಬೆರಳು ಹೆಚ್ಚು. ಬಾಯಲ್ಲಿ ಹಲ್ಲು ಹದಿನಾರು. ಇನ್ನು ನಾಲ್ಕು ಹಿಂದವಡೆಗಳು ಒಸಡಿನೊಳಗೆ ಹೊರಡುವ ಸನ್ನಾಹದಲ್ಲಿವೆ. ಅವನ ಮೇಲಿನ ಆರೋಪವೆಂದರೆ, ಬೆಂಗಳೂರಿನ ಒಂದು ಶಿಶುಪಾಲನಾ ಕೇಂದ್ರದಲ್ಲಿ ಐದು ವಾರಗಳ ಅವಧಿಯಲ್ಲಿ ಆರು ಸಲ ಜೊತೆಯ ಮಕ್ಕಳನ್ನು ಕಚ್ಚಿದನು. ಇದಲ್ಲದೆ ಎರಡು ಸಲ ನೂಕಿದನು. ಒಂದು ಸಲ ಮರದ ಆಟದ ಇಟ್ಟಿಗೆಯಿಂದ ಹೊಡೆದನು. ಆರೋಪವೆಲ್ಲವೂ ನಿಜ. ನಾನು ಅಲ್ಲಗಳೆಯುವುದಿಲ್ಲ. ಕಕ್ಷಿಗಾರನೂ ಅಲ್ಲಗಳೆದಿಲ್ಲ. “ಕಚ್ಚಿದೆಯೇನೋ?” ಎಂದು ಕೇಳಿದರೆ ಹದಿನಾರು ಹಲ್ಲನ್ನೂ ತೋರಿಸಿ “ಹೂಂ” ಎನ್ನುತ್ತಿದ್ದ.

ಅವನು ನನ್ನ ಮೊಮ್ಮಗ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಕ್ಷಪಾತಿ ಎಂದು ವಾಚಕರು ನನ್ನನ್ನು ಕರೆದರೆ ಬೇಸರವಿಲ್ಲ. ಅಜ್ಜನಾದವನು ನಿಷ್ಪಕ್ಷಪಾತಿಯಾದರೆ ಅವನಿಂದ ಯಾರಿಗೇನು ಪ್ರಯೋಜನ?

ಕೇಂದ್ರದವರು ವಿಚಾರಣೆ ನಡೆಸಲಿಲ್ಲ. ತೀರ್ಪನ್ನು ಮಾತ್ರ ಕೊಟ್ಟರು. ಒಂದು ಶುಕ್ರವಾರ ಸಂಜೆ ಮಗುವಿನ ಚೀಲದಲ್ಲಿ, ಒದ್ದೆ ಚಡ್ಡಿಯ ಜೊತೆಗೆ, ಅಚ್ಚುಕಟ್ಟಾಗಿ ಮಡಿಸಿದ ಕಾಗದ ಬಂತು. ಮಗುವಿನ “ಆಕ್ರಮಣಕಾರಿ ನಡವಳಿಕೆ”ಯಿಂದ ಇತರ ಮಕ್ಕಳ ಸುರಕ್ಷತೆಗೆ ಧಕ್ಕೆಯಾಗುತ್ತಿರುವುದರಿಂದ ಸೋಮವಾರದಿಂದ ಅವನನ್ನು ಕಳಿಸಕೂಡದು. ಯಾವುದಾದರೂ ತಜ್ಞರಿಗೆ ತೋರಿಸುವುದು ಮೇಲು. ಕೆಳಗೆ ಸಹಿ, ಮೊಹರು. ನಾನು ಮೂವತ್ತನಾಲ್ಕು ವರ್ಷ ಲೆಕ್ಕಪತ್ರದ ಇಲಾಖೆಯಲ್ಲಿ ಕೆಲಸ ಮಾಡಿದವನು. ಹಣ ದುರುಪಯೋಗ ಮಾಡಿದ ಗುಮಾಸ್ತನಿಗೂ ನಾವು ಕಾರಣ ಕೇಳುವ ನೋಟೀಸು ಕೊಡುತ್ತಿದ್ದೆವು. ಉತ್ತರಿಸಲು ಹದಿನೈದು ದಿನ ಬಿಡುತ್ತಿದ್ದೆವು. ಈ ಕೂಸಿಗೆ ಸಿಕ್ಕಿದ್ದು ಶನಿವಾರ ಮತ್ತು ಭಾನುವಾರ.

ಅಂದು ರಾತ್ರಿ ನನ್ನ ಮಗಳು ಅಡುಗೆಮನೆಯ ನೆಲದ ಮೇಲೆ ಕುಳಿತು ರಾಜೀನಾಮೆಯ ಕಾಗದ ಬರೆಯತೊಡಗಿದ್ದಳು. ಹನ್ನೆರಡು ವರ್ಷದ ದುಡಿಮೆ ಅವಳದು. ನಾನು ಹತ್ತಿರ ಹೋದಾಗ ರಾಜೀನಾಮೆಯ ಮಾತೆತ್ತಲಿಲ್ಲ. “ಅಪ್ಪಾ, ನನ್ನ ಮಗು ಕೆಟ್ಟೋನಾ?” ಎಂದಳು. ಈ ಲೇಖನಕ್ಕೆ ಕಾರಣ ಆ ಪ್ರಶ್ನೆ. ತಾಯಿಯ ಬಾಯಿಂದ ಆ ಪ್ರಶ್ನೆ ಹೊರಡುವಂತೆ ಮಾಡುವ ಹಕ್ಕನ್ನು ಒಂದು ಮೊಹರಿಗೆ ಕೊಟ್ಟವರು ಯಾರು ಎಂಬುದೇ ನನ್ನ ತಕರಾರು.

ಮೊದಲು ಆ ಶಬ್ದವನ್ನೇ ಹಿಡಿಯೋಣ. ‘ಆಕ್ರಮಣ’ ಎಂಬುದನ್ನು ನಾವು ಓದಿದ್ದು ಚರಿತ್ರೆಯ ಪುಸ್ತಕದಲ್ಲಿ. ಅಲೆಕ್ಸಾಂಡರನು ಮಾಡಿದ್ದು ಆಕ್ರಮಣ. ನೆಪೋಲಿಯನ್ನನು ರಷ್ಯದ ಮೇಲೆ 1812ರಲ್ಲಿ ಮಾಡಿದ್ದು ಆಕ್ರಮಣ. ಅದಕ್ಕೆ ಹಂಚಿಕೆ ಬೇಕು, ದುರುದ್ದೇಶ ಬೇಕು, ನಾಳೆಯ ಲಾಭದ ಕಲ್ಪನೆ ಬೇಕು. ನನ್ನ ಕಕ್ಷಿಗಾರನಿಗೆ ‘ನಾಳೆ’ ಎಂಬುದೇ ಗೊತ್ತಿಲ್ಲ. ಅವನ ಶಬ್ದಭಂಡಾರದಲ್ಲಿದ್ದುದು ಸುಮಾರು ಅರವತ್ತು ಮಾತು. ಅದರಲ್ಲಿ ಹತ್ತು ತಿಂಡಿಯ ಹೆಸರು, ಎಂಟು ಪ್ರಾಣಿಗಳ ಕೂಗು. “ಈ ಆಟದ ಸಾಮಾನನ್ನು ಈಗ ತಾನೆ ನಾನು ಹಿಡಿದುಕೊಂಡಿದ್ದೆ, ನೀನು ಕಿತ್ತುಕೊಂಡೆ, ನನಗೆ ಹಸಿವಾಗಿದೆ, ಹಿಂದಿನಿಂದ ಯಾರೋ ತಳ್ಳುತ್ತಿದ್ದಾರೆ, ಅಮ್ಮ ಎಲ್ಲಿ?” ಎಂಬ ಇಡೀ ಅಹವಾಲನ್ನು ಆ ಅರವತ್ತು ಮಾತಿನಲ್ಲಿ ಸಲ್ಲಿಸುವುದು ಹೇಗೆ? ಹಲ್ಲು ಹತ್ತಿರದಲ್ಲಿತ್ತು, ಅದರಿಂದಲೇ ಸಲ್ಲಿಸಿದ.

ಇದು ಅಜ್ಜನ ಅಂತಃಕರಣ ಮಾತ್ರವಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡಿನಫ್ ಎಂಬಾಕೆ 1931ರಲ್ಲೇ ಎಳೆಯ ಮಕ್ಕಳ ಸಿಟ್ಟಿನ ಮೇಲೆ ಒಂದು ಪುಸ್ತಕ ಬರೆದರು. ತಾಯಂದಿರ ಕೈಯಲ್ಲಿ ದಿನಚರಿ ಕೊಟ್ಟು, ಮಗು ರೇಗಿದಾಗಲೆಲ್ಲ ಹೊತ್ತು, ಸ್ಥಳ, ಕಾರಣ ಬರೆದಿಡಿ ಎಂದರು. ಸಿಟ್ಟು ಉಚ್ಛ್ರಾಯಕ್ಕೇರುವುದು ಎರಡನೆಯ ವರ್ಷದಲ್ಲಿ. ಅದರಲ್ಲೂ ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಎಂದು ಕಂಡುಬಂತು. ಮರುವರ್ಷ, 1932ರಲ್ಲಿ, ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ ಮಕ್ಕಳ ಆಟವನ್ನು ನೋಡಿ ವರ್ಗೀಕರಿಸಿದರು. ಎರಡು ವರ್ಷದವರು ಹೆಚ್ಚಾಗಿ ಒಬ್ಬರೊಡನೊಬ್ಬರು ಆಡುವುದಿಲ್ಲ. ಒಬ್ಬರ ಪಕ್ಕದಲ್ಲೊಬ್ಬರು ಕುಳಿತು ತಮ್ಮ ತಮ್ಮ ಆಟ ಆಡುತ್ತಾರೆ. ರೈಲಿನಲ್ಲಿ ಎದುರುಬದುರು ಕುಳಿತು ಬೇರೆ ಬೇರೆ ಪತ್ರಿಕೆ ಓದುವ ನಮ್ಮಂತೆಯೇ. ಆಮೇಲೆ ಕೆನಡದ ಮಾಂಟ್ರಿಯಲ್ಲಿನ ರಿಚರ್ಡ್ ಟ್ರಾಂಬ್ಲೆ ಮತ್ತವರ ಸಂಗಡಿಗರು ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮನುಷ್ಯಜೀವಿ ಅತಿ ಹೆಚ್ಚು ಸಲ ಹೊಡೆಯುವುದು, ಕಚ್ಚುವುದು, ಒದೆಯುವುದು ಹದಿಹರೆಯದಲ್ಲಲ್ಲ. ಎರಡರಿಂದ ನಾಲ್ಕನೆಯ ವರ್ಷದ ಸುಮಾರಿನಲ್ಲಿ. ಅಲ್ಲಿಂದಾಚೆಗೆ ಬಹುಪಾಲು ಮಕ್ಕಳಲ್ಲಿ ಅದು ಇಳಿಯುತ್ತ ಹೋಗುತ್ತದೆ. ಮಗು ಹೊಡೆಯುವುದನ್ನು ಕಲಿಯುವುದಿಲ್ಲ, ಹೊಡೆಯದಿರುವುದನ್ನು ಕಲಿಯುತ್ತದೆ ಎಂಬುದು ಅವರ ವಾದದ ಸಾರ. ಕಲಿಯುತ್ತಿರುವವನನ್ನು ಪಾಠದ ನಡುವೆ ಹೊರಗಟ್ಟುವ ಸಂಸ್ಥೆಗೆ ಏನೆನ್ನಬೇಕೋ ವಾಚಕರೇ ಹೇಳಲಿ.

ಈಗ ನನ್ನ ಎದುರಾಳಿಗಳ ಕಡೆ ಬರುತ್ತೇನೆ. ಅವರು ಒಬ್ಬರಲ್ಲ, ನಾಲ್ಕು ಪಂಗಡ.

ಮೊದಲನೆಯದು ‘ಒಂದು ಬಿಟ್ಟರೆ ಸರಿಹೋಗುತ್ತೆ’ ಪಂಗಡ. ಉದ್ಯಾನದ ಕಲ್ಲುಬೆಂಚಿನ ಮೇಲೆ ನನ್ನ ಜೊತೆ ಕೂರುವ ನಿವೃತ್ತರಲ್ಲಿ ಮೂವರು ಈ ಪಂಗಡದವರು. “ಅವನು ಕಚ್ಚಿದ ಹಾಗೇ ನೀವೂ ಅವನನ್ನ ಒಂದು ಸಲ ಕಚ್ಚಿ ಸ್ವಾಮೀ, ನೋವು ಅಂದರೆ ಏನು ಅಂತ ಗೊತ್ತಾಗಲಿ” ಎಂದರು ಒಬ್ಬರು, ಘನತೆಯಿಂದ ಹೆಡ್ ಮಾಸ್ತರಿಕೆ ಮಾಡಿ ಬಂದವರು. ಅರವತ್ತೆಂಟು ವರ್ಷದ ನಾನು, ಕಟ್ಟಿಸಿದ ಹಲ್ಲಿನಿಂದ ಎರಡು ವರ್ಷದ ಕೂಸಿನ ತೋಳನ್ನು ಕಚ್ಚುವ ದೃಶ್ಯವನ್ನು ಊಹಿಸಿಕೊಂಡು ನಗು ಬಂತು. ಆದರೆ ನಗುವ ಅಧಿಕಾರ ನನಗಿರಲಿಲ್ಲ. ಏಕೆಂದರೆ ಅದರ ಹಿಂದಿನ ವಾರವೇ ನಾನು ಅದರ ಚಿಕ್ಕ ತಮ್ಮನಂಥ ಕೆಲಸವೊಂದನ್ನು ಮಾಡಿದ್ದೆ.

ಮನೆಗೆ ಬಂದಿದ್ದ ನೆಂಟರ ಮಗುವಿನ ಬೆನ್ನಿಗೆ ನಮ್ಮ ಪುಟ್ಟ ಒಂದು ಏಟು ಹಾಕಿದ. ನೆಂಟರೆದುರಿಗೆ ಅವಮಾನವಾಯಿತು. ನಾನು ಅವನ ಕೈ ಹಿಡಿದು, “ಹೊಡೀಬಾರದು! ಹೊಡೀಬಾರದು!” ಎನ್ನುತ್ತ, ಆ ಅಂಗೈ ಮೇಲೆ ಮಾತಿಗೊಂದರಂತೆ ಎರಡೇಟು ಕೊಟ್ಟೆ. ಅವನು ಅಳಲಿಲ್ಲ, ನನ್ನ ಮುಖವನ್ನೇ ನೋಡಿದ. ಸಂಜೆ ನಡುಮನೆಯ ಮೂಲೆಯಲ್ಲಿ ಅವನ ಬಟ್ಟೆಯ ಆನೆಯನ್ನು ಮುಂದೆ ಕೂರಿಸಿಕೊಂಡು, ಅದರ ಸೊಂಡಿಲು ಹಿಡಿದು, “ಹೊಡೀಬಾದು, ಹೊಡೀಬಾದು” ಎನ್ನುತ್ತ ಪಟಪಟನೆ ಬಾರಿಸುತ್ತಿದ್ದ. ಪಾಠ ಸಾಂಗವಾಗಿ ಮುಟ್ಟಿತ್ತು. ಯಾವ ಪಾಠ? ‘ಹೊಡೀಬಾರದು’ ಎಂಬುದು, ದೊಡ್ಡವರು ಚಿಕ್ಕವರನ್ನು ಹೊಡೆಯುವಾಗ ಹೇಳಬೇಕಾದ ಮಂತ್ರವೆಂದು ಅವನು ತಿಳಿದ. ಅವನ ತಿಳುವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಅಂದಿನಿಂದ ನಾನು ಆ ಪಂಗಡಕ್ಕೆ ರಾಜೀನಾಮೆ ಕೊಟ್ಟಿದ್ದೇನೆ.

ಈ ಪಂಗಡದವರು ಕೂಡಲೇ ಎಸೆಯುವ ಗಾದೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು. ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವವನು ಅದಕ್ಕೆ ಊರುಗೋಲು ಕೊಟ್ಟು ಮೃದುವಾಗಿ ದಾರ ಕಟ್ಟುತ್ತಾನೆ, ಕೋಲಿನಿಂದ ಬಡಿಯುವುದಿಲ್ಲ. ಬಡಿದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಶಾಸ್ತ್ರ ಬೇಕೆನ್ನುವವರಿಗೆ ನೆನಪು ಮಾಡುತ್ತೇನೆ: ಮಕ್ಕಳನ್ನು ದಂಡಿಸಬೇಕೆಂದು ಹೇಳುವ ನಮ್ಮ ಹಳೆಯ ನೀತಿಶ್ಲೋಕ ಕೂಡ ಮೊದಲ ಐದು ವರ್ಷ ಲಾಲಿಸು ಎಂದೇ ಆರಂಭವಾಗುತ್ತದೆ. ದಂಡಿಸು ಎಂಬ ಎರಡನೆಯ ಭಾಗ ಮಾತ್ರ ಇವರಿಗೆ ಬಾಯಿಪಾಠವಾಗಿದೆ. ಇನ್ನು ಮಹಾಭಾರತದ ಆದಿಪರ್ವವನ್ನು ತೆರೆದರೆ ಬಾಲ ಭೀಮನು ಕೌರವರ ಜುಟ್ಟು ಹಿಡಿದು ಎಳೆದಾಡುತ್ತಾನೆ, ನೀರಲ್ಲಿ ಮುಳುಗಿಸುತ್ತಾನೆ, ಹಣ್ಣು ಕೀಳಲು ಹತ್ತಿದವರನ್ನು ಮರ ಅಲ್ಲಾಡಿಸಿ ಉದುರಿಸುತ್ತಾನೆ. ಅದು ದ್ವೇಷದಿಂದಲ್ಲ, ಹುಡುಗತನದಿಂದ ಎಂದು ಕವಿ ಸ್ಪಷ್ಟವಾಗಿ ಹೇಳಿದ್ದಾನೆ. ದುರ್ಯೋಧನನು ಆ ಹುಡುಗಾಟಿಕೆಗೆ ಹಗೆತನವೆಂದು ಹೆಸರಿಟ್ಟನು. ವಿಷ ಹಾಕುವವರೆಗೆ ಹೋದನು. ಹೆಸರಿಡುವುದರಲ್ಲಿ ಎಷ್ಟು ಜಾಗ್ರತೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಎರಡನೆಯದು ‘ತಾಯಿ ಕೆಲಸಕ್ಕೆ ಹೋದದ್ದರ ಫಲ’ ಎನ್ನುವ ಪಂಗಡ. ಇವರ ಪ್ರಕಾರ ಕೂಡುಕುಟುಂಬದ ಕಾಲದಲ್ಲಿ ಮಕ್ಕಳು ಕಚ್ಚುತ್ತಿರಲಿಲ್ಲ. ನಾನು ಹುಟ್ಟಿದ್ದು ಹತ್ತೊಂಬತ್ತು ಜನರಿದ್ದ ಮನೆಯಲ್ಲಿ. ನನ್ನ ಚಿಕ್ಕಪ್ಪನ ಎಡಗಿವಿಯ ತುದಿ ಕೊನೆಯವರೆಗೂ ಸೊಟ್ಟಗಿತ್ತು. ಎರಡು ವರ್ಷದವರಾಗಿದ್ದಾಗ ನನ್ನ ಅತ್ತೆ ಅದನ್ನು ಕಚ್ಚಿದ್ದರಂತೆ, ಒಂದು ಕೊಬ್ಬರಿ ಚೂರಿಗಾಗಿ. ಆ ಅತ್ತೆ ಮುಂದೆ ಇರುವೆಯನ್ನೂ ತುಳಿಯದ ಸಾಧ್ವಿಯಾಗಿ ಬಾಳಿದರು. ಚಿಕ್ಕಪ್ಪ ಅವರಿಗೆ ಗೌರಿಹಬ್ಬದ ಬಾಗಿನ ಕೊಡುವಾಗ ತಪ್ಪದೆ ಕಿವಿ ಮುಟ್ಟಿಕೊಳ್ಳುತ್ತಿದ್ದರು. ಆಗಲೂ ಮಕ್ಕಳು ಕಚ್ಚುತ್ತಿದ್ದುವು. ವ್ಯತ್ಯಾಸವಿದ್ದುದು ಕಣ್ಣುಗಳ ಲೆಕ್ಕದಲ್ಲಿ. ಆರು ಮಕ್ಕಳಿಗೆ ಅಜ್ಜಿ, ದೊಡ್ಡಮ್ಮ, ಮದುವೆಯಾಗದ ಅತ್ತೆ, ಬಾವಿಕಟ್ಟೆಯ ಹೆಂಗಸರು, ಒಟ್ಟು ಹತ್ತು ಜೊತೆ ಕಣ್ಣು. ಆ ಹೆಂಗಸರಿಗೆ ಬೇರೆಲ್ಲಿಗೂ ಹೋಗುವ ಹಾದಿ ಇರಲಿಲ್ಲವೆಂಬುದನ್ನು ಹಳೆಯ ಕಾಲವನ್ನು ಹೊಗಳುವವರು ಹೇಳುವುದಿಲ್ಲ. ಕಣ್ಣುಗಳು ಬೇಕು ಎಂಬುದು ನಿಜ. ಅದನ್ನು ಒಬ್ಬಳೇ ತಾಯಿಯ ಮುಖದಲ್ಲಿ ಹತ್ತು ಜೊತೆ ಹುಡುಕುವುದು ಅನ್ಯಾಯ. ಅಂದಹಾಗೆ, ಆ ಮಗುವಿಗೆ ತಂದೆಯೂ ಇದ್ದಾನೆ, ಅವನೂ ಕೆಲಸಕ್ಕೆ ಹೋಗುತ್ತಾನೆ. ‘ತಂದೆ ಕೆಲಸಕ್ಕೆ ಹೋದದ್ದರ ಫಲ’ ಎಂದು ಇಷ್ಟರವರೆಗೆ ಯಾರೂ ನನಗೆ ಹೇಳಿಲ್ಲ.

ಮೂರನೆಯದು ನನ್ನ ಪಕ್ಷದವರೇ ಎಂದು ತೋರುವ ಪಂಗಡ: ‘ಮಕ್ಕಳಲ್ಲವೇ, ಬಿಡಿ.’ ಇವರ ಮೇಲೆ ನನಗೆ ಮಿಕ್ಕವರಿಗಿಂತ ಹೆಚ್ಚು ಕೋಪ. ಏಕೆಂದರೆ ಕಚ್ಚಿಸಿಕೊಂಡವರೂ ಮಕ್ಕಳೇ.

ಕಾಗದ ಬಂದ ಭಾನುವಾರ ನಾನು ಕಚ್ಚಿಸಿಕೊಂಡ ಹುಡುಗಿಯ ಮನೆಗೆ ಹೋದೆ. ಮಗಳು ಬೇಡವೆಂದಳು, ಹೆಂಡತಿ ಅರ್ಧ ಡಜನ್ ಕಿತ್ತಳೆ ಕಟ್ಟಿಕೊಟ್ಟಳು. ಆ ಮಗುವಿನ ತಾಯಿ ಬಾಗಿಲಲ್ಲೇ ನಿಲ್ಲಿಸಿದರು. ಆಮೇಲೆ ಒಳಗೆ ಕರೆದು ಹುಡುಗಿಯ ಮುಂಗೈ ತೋರಿಸಿದರು. ನಾಲ್ಕು ದಿನವಾಗಿದ್ದರೂ ಎರಡು ಕಮಾನು ಎದುರುಬದುರಾಗಿ ನೀಲಿಗಟ್ಟಿ ನಿಂತಿದ್ದುವು, ಹಲ್ಲು ಎಣಿಸಬಹುದಾಗಿತ್ತು. ಒಂದು ಕಡೆ ಚರ್ಮ ಒಡೆದಿತ್ತು. ಸೋಪಿನಿಂದ ತೊಳೆದು ವೈದ್ಯರಿಗೆ ತೋರಿಸಿದ್ದರು. “ಬೆಳಗ್ಗೆ ಚಪ್ಪಲಿ ಹಾಕಿದರೆ ಸಾಕು, ಹೋಗಲ್ಲ ಅಂತ ಅಳ್ತಾಳೆ ಸಾರ್. ನಾನೂ ಕೆಲಸಕ್ಕೆ ಹೋಗಬೇಕು” ಎಂದರು. ನಾನು ಮನೆಯಿಂದ ಸಿದ್ಧಪಡಿಸಿಕೊಂಡು ಹೋಗಿದ್ದ ವಾದವೆಲ್ಲ ಗಂಟಲಲ್ಲೇ ಉಳಿಯಿತು. ಆ ತಾಯಿಗೆ ಗುಡಿನಫ್, ಪಾರ್ಟನ್, ಟ್ರಾಂಬ್ಲೆ ಯಾರೂ ಬೇಕಿರಲಿಲ್ಲ. ಅವರಿಗೆ ಬೇಕಾಗಿದ್ದುದು, ತನ್ನ ಮಗುವನ್ನು ನಾಳೆ ಯಾರೂ ಕಚ್ಚುವುದಿಲ್ಲವೆಂಬ ಭರವಸೆ. ಅದು ಅತ್ಯಂತ ನ್ಯಾಯವಾದ ಬೇಡಿಕೆ. ಕಚ್ಚಿದ ಮಗು ದುಷ್ಟನಲ್ಲ ಎಂಬುದರಿಂದ ಕಚ್ಚಿಸಿಕೊಂಡ ಮಗುವಿನ ನೋವು ಒಂದು ಗುಲಗಂಜಿಯಷ್ಟೂ ಕಡಮೆಯಾಗುವುದಿಲ್ಲ.

ಆದರೆ ಆ ಭರವಸೆ ಕೊಡಬೇಕಾದವರು ಯಾರು? ಇಪ್ಪತ್ತಮೂರು ತಿಂಗಳ ಕೂಸೋ, ತಿಂಗಳು ತಿಂಗಳು ಶುಲ್ಕ ತೆಗೆದುಕೊಳ್ಳುವವರೋ? ಇಲ್ಲಿಗೆ ನಾಲ್ಕನೆಯ ಪಂಗಡ ಬಂತು: ಸಂಸ್ಥೆ.

ಹಳೆಯ ಚಾಳಿ ಬಿಡಲಿಲ್ಲ. ಕೇಂದ್ರದವರು ದಿನದಿನ ಬರೆದು ಕಳಿಸುತ್ತಿದ್ದ ವರದಿ ಪುಸ್ತಕವನ್ನು ತೆಗೆದು ನಾನು ಲೆಕ್ಕ ತಪಾಸಣೆಗೆ ಕುಳಿತೆ. ಕಚ್ಚಿದ್ದು ಆರು ಸಲ. ಐದು ಸಲ ಹನ್ನೊಂದೂವರೆಗೂ ಹನ್ನೆರಡೂಕಾಲಿಗೂ ನಡುವೆ. ಒಂದು ಸಲ ಸಂಜೆ ನಾಲ್ಕೂವರೆಗೆ, ಮಿಕ್ಕವರ ತಾಯಂದಿರು ಬಂದು ಇವನ ತಾಯಿ ಬಾರದಿದ್ದಾಗ. ಆ ಐದರಲ್ಲಿ ನಾಲ್ಕು ಸಲ ‘ಕೈ ತೊಳೆಯುವ ಸ್ಥಳದಲ್ಲಿ’ ಎಂದು ಬರೆದಿತ್ತು. ಸೋಮವಾರ ನಾನು ಮಗುವನ್ನು ಬಿಟ್ಟು ಒಬ್ಬನೇ ಅಲ್ಲಿಗೆ ಹೋಗಿ, ಚೀಲ ಚಾಪೆ ಹಿಂದಕ್ಕೆ ಪಡೆಯುವ ನೆಪದಲ್ಲಿ, ಸರಿಯಾಗಿ ಹನ್ನೊಂದೂವರೆಗೆ ನಿಂತು ನೋಡಿದೆ.

ಕಂಡದ್ದು ಇದು. ಊಟ ಹನ್ನೆರಡೂವರೆಗೆ. ಬೆಳಗ್ಗೆ ಒಂಬತ್ತೂವರೆಗೆ ಹಣ್ಣು ತಿಂದ ಮಕ್ಕಳಿಗೆ ಅಲ್ಲಿಯವರೆಗೆ ಏನೂ ಇಲ್ಲ. ಹನ್ನೊಂದೂವರೆಗೆ ಇಬ್ಬರು ಆಯಾಗಳಲ್ಲಿ ಒಬ್ಬಳು ತಟ್ಟೆ ಜೋಡಿಸಲು ಅಡುಗೆಮನೆಗೆ ಹೋಗುತ್ತಾಳೆ. ಉಳಿದವಳು ಹದಿನಾಲ್ಕು ಮಕ್ಕಳನ್ನು, ಎರಡು ವರ್ಷದ ಆಚೀಚಿನವರನ್ನು, ಮೂರಡಿ ಅಗಲದ ಓಣಿಯಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ. ನಲ್ಲಿ ಒಂದೇ, ಅದೂ ದೊಡ್ಡವರ ಎತ್ತರದ್ದು. ಒಂದೊಂದು ಮಗುವನ್ನೂ ಎತ್ತಿ ಹಿಡಿದು ಕೈ ತೊಳೆಸಬೇಕು. ಮುಕ್ಕಾಲು ಗಂಟೆ! ಪಡಿತರದ ಅಂಗಡಿಯಲ್ಲಿ, ರೈಲ್ವೆ ಟಿಕೆಟಿನ ಕಿಟಕಿಯಲ್ಲಿ ಮುಕ್ಕಾಲು ಗಂಟೆ ನಿಂತು ಒಬ್ಬರನ್ನೊಬ್ಬರು ನೂಕದ ಪದವೀಧರರನ್ನು ನಾನು ನೋಡಿಲ್ಲ. ಹೊರಗಡೆಯ ಫಲಕದ ಮೇಲೆ ‘ಮಾಂಟೆಸ್ಸೊರಿ ಪದ್ಧತಿ’ ಎಂದು ಚಿನ್ನದ ಅಕ್ಷರವಿತ್ತು. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ಕುರ್ಚಿ ಮೇಜು ಮಾತ್ರವಲ್ಲ, ಕೈ ತೊಳೆಯುವ ತೊಟ್ಟಿಯೂ ಮಗುವಿನ ಅಳತೆಯದಾಗಬೇಕೆಂದು ಹಟ ಹಿಡಿದಾಕೆ. ಆಕೆ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು, ನೂರಾರು ಭಾರತೀಯ ಶಿಕ್ಷಕರನ್ನು ತರಬೇತು ಮಾಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟುಬಂದು ಭಾವನಗರದಲ್ಲಿ ಬಾಲಮಂದಿರ ತೆರೆದು, ಹೊಡೆತವಿಲ್ಲದ ಶಾಲೆ ಸಾಧ್ಯವೆಂದು ತೋರಿಸಿದ್ದರು. ಅವರ ಹೆಸರು ಫಲಕಕ್ಕೆ ಬಂತು. ಅವರ ತೊಟ್ಟಿ ಓಣಿಗೆ ಬರಲಿಲ್ಲ.

ನಾನು ಮುಖ್ಯಸ್ಥೆಗೆ ವರದಿ ಪುಸ್ತಕ ತೋರಿಸಿ ವಿನಯದಿಂದಲೇ ಕೇಳಿದೆ: ಹನ್ನೊಂದೂಕಾಲಿಗೆ ಒಂದೊಂದು ಬಾಳೆಹಣ್ಣಿನ ಚೂರು ಕೊಡಬಾರದೇ? ಇಬ್ಬಿಬ್ಬರನ್ನೇ ಕರೆದು ಕೈ ತೊಳೆಸಬಾರದೇ? ಒಂದು ಮಣೆ ಹಾಕಬಾರದೇ? “ನಮ್ಮದು ನಿಗದಿಯಾದ ವೇಳಾಪಟ್ಟಿ” ಎಂದರು ಆಕೆ. ವೇಳಾಪಟ್ಟಿ ಬದಲಾಗಲಾರದು, ಮಗು ಬದಲಾಗಬೇಕು. ಇದಕ್ಕಿಂತ ಹಲ್ಲಿಲ್ಲದ ಆಕ್ರಮಣ ಇನ್ನಾವುದು?

ಆಯಾಳನ್ನು ನಾನು ದೂರುವುದಿಲ್ಲ. ಆಕೆಯ ಕಂಕುಳಲ್ಲೊಂದು ಕೂಸು, ಕಾಲಿಗೆ ತೊಡರಿಕೊಂಡು ಎರಡು. ನಮ್ಮ ದೇಶದ 2013ರ ಶಿಶುಪಾಲನೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಪಾಲಕಿ ಇರಬೇಕೆಂದಿದೆ. ಅದೇ ಧಾರಾಳ ಲೆಕ್ಕ. ಇಂಗ್ಲೆಂಡಿನಲ್ಲಿ ಎರಡು ವರ್ಷದ ನಾಲ್ಕು ಮಕ್ಕಳಿಗೆ ಒಬ್ಬರೆಂಬ ನಿಯಮವನ್ನು 2023ರಲ್ಲಿ ಐದಕ್ಕೆ ಏರಿಸಿದ್ದಕ್ಕೇ ಪಾಲಕರೂ ತಂದೆತಾಯಿಗಳೂ ಗದ್ದಲವೆಬ್ಬಿಸಿದರು. ನಾನು ಕಂಡ ಓಣಿಯಲ್ಲಿ ಆ ಮುಕ್ಕಾಲು ಗಂಟೆ ಹದಿನಾಲ್ಕಕ್ಕೆ ಒಬ್ಬಳು. ಆಕೆಯ ಸಂಬಳವೆಷ್ಟೆಂದು ಕೇಳಿದೆ. ಒಂದು ಮಗುವಿನಿಂದ ಕೇಂದ್ರ ವಸೂಲು ಮಾಡುವ ತಿಂಗಳ ಶುಲ್ಕಕ್ಕಿಂತ ಅದು ಕಡಮೆ. ನಮ್ಮ ಹತ್ತಿರ ಗೋಡೆಗೆ ಚಿತ್ರ ಬರೆಸಲು ಹಣವಿದೆ, ಮೂಲೆಮೂಲೆಗೆ ಕ್ಯಾಮೆರಾ ಹಾಕಿಸಲು ಹಣವಿದೆ. ಕ್ಯಾಮೆರಾ ಕಚ್ಚುವುದನ್ನು ನೋಡುತ್ತದೆ, ತಡೆಯುವುದಿಲ್ಲ. ತಡೆಯಲು ಒಂದು ಮೊಳ ದೂರದಲ್ಲಿ ಮನುಷ್ಯರ ಕೈ ಇರಬೇಕು.

“ಹಾಗಾದರೆ ಕಚ್ಚಿದಾಗ ಏನು ಮಾಡಬೇಕೆನ್ನುತ್ತೀರಿ?” ಎಂದು ಕೇಳುವವರಿಗೆ ಉತ್ತರ ಕೊಡದೆ ವಕಾಲತ್ತು ಮುಗಿಸಲಾಗದು. ಬಲ್ಲವರಿಂದ ಕೇಳಿ ತಿಳಿದು, ಮನೆಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಮೊದಲು ನೊಂದ ಮಗುವನ್ನು ಎತ್ತಿಕೊಳ್ಳಬೇಕು, ತೊಳೆಯಬೇಕು, ಸಮಾಧಾನಪಡಿಸಬೇಕು. ಇದು ನ್ಯಾಯವೂ ಹೌದು. ಕಚ್ಚಿದರೆ ಎಲ್ಲರ ಗಮನ ತನ್ನ ಕಡೆಗೆ ಬರುತ್ತದೆಂಬ ಕೆಟ್ಟ ಪಾಠವನ್ನು ಕಲಿಸದಿರುವ ಉಪಾಯವೂ ಹೌದು. ಬಳಿಕ ಕಚ್ಚಿದವನ ಎತ್ತರಕ್ಕೆ ಕುಕ್ಕರಿಸಿ, ಕಣ್ಣು ನೋಡಿ, ಎರಡೇ ಮಾತು: “ಕಚ್ಚಬಾರದು. ಅವಳಿಗೆ ನೋವಾಯಿತು.” ಭಾಷಣ ಬೇಡ. ಅರವತ್ತು ಮಾತು ಬಲ್ಲವನಿಗೆ ಆರುನೂರು ಮಾತಿನ ಉಪದೇಶ ಮಳೆಯ ಸದ್ದಿನ ಹಾಗೆ. ಆಮೇಲೆ ಹಲ್ಲಿನ ಬದಲಿಗೆ ಒಂದು ಮಾತನ್ನು ಕೊಡಬೇಕು: ‘ನಂದು’, ‘ಬೇಡ’, ‘ಕೊಡು’. ಮನಸ್ಸಿಲ್ಲದ ಕ್ಷಮಾಪಣೆಯನ್ನು ಕತ್ತು ಹಿಡಿದು ಹೇಳಿಸಬಾರದು. ಸಂಜೆ ತಾಯಿಯೆದುರಿಗೆ ಮತ್ತೆ ವಿಚಾರಣೆ ತೆರೆಯಬಾರದು. ಬೆಳಗಿನ ಕಚ್ಚಾಟ ಸಂಜೆಯ ಹೊತ್ತಿಗೆ ಅವನಿಗೆ ಪೂರ್ವಜನ್ಮ. ಎಲ್ಲಕ್ಕಿಂತ ಮುಖ್ಯವಾಗಿ, ಹೊತ್ತು, ಸ್ಥಳ, ಹಿಂದಿನ ಐದು ನಿಮಿಷ ಇವನ್ನು ಬರೆದಿಡಬೇಕು. ಬರೆದು, ಓದಬೇಕು. ನಮ್ಮ ಕೇಂದ್ರದವರು ಬರೆದಿದ್ದರು, ಓದಿರಲಿಲ್ಲ.

ತಜ್ಞರಿಗೆ ತೋರಿಸಿ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ಮೂರೂವರೆ ವರ್ಷ ದಾಟಿದರೂ ಇಳಿಯದೆ ಏರುತ್ತಿದ್ದರೆ, ಎರಡು ವರ್ಷವಾದರೂ ಮಾತು ಬಾರದಿದ್ದರೆ, ಕರೆದರೆ ತಿರುಗದಿದ್ದರೆ, ತನ್ನನ್ನೇ ನೋಯಿಸಿಕೊಳ್ಳುತ್ತಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಕಿವಿ ಸರಿಯಾಗಿ ಕೇಳದ ಮಗು ಹಲ್ಲಿನಿಂದ ಮಾತಾಡುವುದುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇರುವುದು ಇಂಥ ಸಂದೇಹಗಳನ್ನು ಬಗೆಹರಿಸಲಿಕ್ಕೇ. ಆದರೆ ವೈದ್ಯರಲ್ಲಿಗೆ ಕಳಿಸುವುದು ಬೇರೆ. ವೈದ್ಯರ ಹೆಸರು ಹೇಳಿ ಹೊರಗೆ ಹಾಕುವುದು ಬೇರೆ.

ಇದು ಒಂದು ಮನೆಯ ಗೊಣಗಾಟವೆಂದು ತಿಳಿಯಬೇಡಿ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿಯಾಗಿ, ಇಪ್ಪತ್ತಾರು ವಾರಗಳ ರಜೆಯ ಜೊತೆಗೆ, ಐವತ್ತು ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನೆಯ ಏರ್ಪಾಡು ಕಡ್ಡಾಯವಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದೆಂದಾಯಿತು. ಹಳ್ಳಿಯ ಕೂಲಿಕಾರ ತಾಯಂದಿರಿಗಾಗಿ ನಮ್ಮ ರಾಜ್ಯದಲ್ಲಿ 2023ರಲ್ಲಿ ‘ಕೂಸಿನ ಮನೆ’ ಎಂಬ ಚೆಲುವಾದ ಹೆಸರಿನ ಯೋಜನೆ ಬಂತು. ಒಳ್ಳೆಯದು. ಆದರೆ ಕಟ್ಟಡ ತೆರೆದರೆ ಆಯಿತೇ? ಒಳಗೆ ಹೋದ ಕೂಸು ಕೂಸಿನ ಹಾಗೆಯೇ ನಡೆದುಕೊಳ್ಳುತ್ತದೆಂಬುದನ್ನು ಒಪ್ಪಿಕೊಳ್ಳಬೇಡವೇ? ಶಾಲೆಯ ಮಗುವಿಗೆ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳಿತು. ಅದು ಕೈ ಚಾಚುವುದು ಆರನೆಯ ವರ್ಷದಿಂದ. ಎರಡು ವರ್ಷದವನನ್ನು ಒಂದು ಕಾಗದದಿಂದ ಹೊರಗೆ ಹಾಕಿದರೆ ಕೇಳುವವರಿಲ್ಲ. ಹೊರಗೆ ಹಾಕಿದ ಮಗುವಿನ ಹಿಂದೆಯೇ ಒಬ್ಬ ತಾಯಿ ಕೆಲಸದಿಂದ ಹೊರಬೀಳುತ್ತಾಳೆ ಎಂಬುದನ್ನು ಯಾವ ವರದಿ ಪುಸ್ತಕವೂ ಬರೆದುಕೊಳ್ಳುವುದಿಲ್ಲ.

ನಮ್ಮ ಮಗಳು ಬೀಳಲಿಲ್ಲ. ಮೂರು ವಾರ ನಾನೂ ನನ್ನ ಹೆಂಡತಿಯೂ ಸರದಿಯಲ್ಲಿ ಕಾದೆವು. ಅಳಿಯ ರಜೆ ಹಾಕಿದ. ಆಮೇಲೆ ಎರಡು ಬೀದಿಯಾಚೆ, ತನ್ನ ಮನೆಯ ನಡುಕೋಣೆಯಲ್ಲೇ ಆರು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸು ಸಿಕ್ಕರು. ಫಲಕವಿಲ್ಲ, ಪದ್ಧತಿಯ ಹೆಸರಿಲ್ಲ. ಎಲ್ಲವನ್ನೂ ಮುಚ್ಚಿಡದೆ ಹೇಳಿದೆವು. “ಕಚ್ತಾನಾ? ಸರಿ, ಪಕ್ಕದಲ್ಲಿ ಕೂರಿಸಿಕೋತೀನಿ” ಎಂದರು. ಅಷ್ಟೆ. ಮೂರನೆಯ ದಿನ ಕಚ್ಚಿದ. ಎರಡನೆಯ ವಾರದಲ್ಲಿ ಇನ್ನೊಮ್ಮೆ. ಆ ತಿಂಗಳು ಮುಗಿಯುವುದರೊಳಗೆ ಕಚ್ಚುವುದು ನಿಂತಿತು. ನೂಕುವುದು ಈಗಲೂ ಉಂಟು.

ಮೊನ್ನೆ ಉದ್ಯಾನದಲ್ಲಿ ಆ ಹಳೆಯ ಹುಡುಗಿ ಎದುರಾದಳು, ಕೈಯಲ್ಲಿ ಮರಳಾಟದ ಸಲಿಕೆ. ಪುಟ್ಟ ಹೋಗಿ ಅದರ ಇನ್ನೊಂದು ತುದಿ ಹಿಡಿದ. ಆಕೆಯ ತಾಯಿ ಬೆಂಚಿನಿಂದ ಎದ್ದರು, ನಾನೂ ಎದ್ದೆ. ಅವನ ಬಾಯಿ ಅಗಲವಾಗಿ ತೆರೆಯಿತು. “ನಂದು!” ಎಂದು ಕಿರುಚಿದ. ಅವಳೂ ಅಷ್ಟೇ ಗಟ್ಟಿಯಾಗಿ, “ನಂದು!” ಎಂದಳು. ಸಲಿಕೆ ಅವಳದೇ. ಅವಳೇ ಗೆದ್ದಳು. ನಾವಿಬ್ಬರೂ ಕುಳಿತುಕೊಂಡೆವು.

ಮಕ್ಕಳಿಗೆ ಪಾಲನಾ ಕೇಂದ್ರ ಹುಡುಕುತ್ತಿರುವ ತಂದೆತಾಯಿಗಳಿಗೆ ನನ್ನ ಕಡೆಯಿಂದ ಒಂದೇ ಸಲಹೆ. ಗೋಡೆಯ ಮೇಲಿನ ಚಿತ್ರ ನೋಡಬೇಡಿ, ಫಲಕ ಓದಬೇಡಿ, ಬೆಳಗ್ಗೆ ಎಲ್ಲರೂ ನಗುವ ಹೊತ್ತಿನಲ್ಲಿ ಹೋಗಬೇಡಿ. ಊಟಕ್ಕೆ ಒಂದು ಗಂಟೆ ಮುಂಚೆ ಹೋಗಿ, ಕೈ ತೊಳೆಯುವ ನಲ್ಲಿಯ ಹತ್ತಿರ ನಿಲ್ಲಿ. ಮಕ್ಕಳನ್ನು ಎಣಿಸಿ, ಆಮೇಲೆ ದೊಡ್ಡವರನ್ನು ಎಣಿಸಿ.